ಕ್ಯಾಪ್ಟನ್ ಬಾಯ್ಕಾಟ್ ಮತ್ತು ನಮ್ಮ ಬಹಿಷ್ಕಾರ

ಸಿದ್ದಾಪುರದ ಓದುಗರೊಬ್ಬರು ಕೇಳಿದ್ದಾರೆ: ‘ಬಾಯ್ಕಾಟ್ ಎಂಬುದು ಒಬ್ಬ ಮನುಷ್ಯನ ಹೆಸರೆಂದು ಮೊಮ್ಮಗ ಹೇಳುತ್ತಾನೆ. ನಿಜವೇ? ನಮ್ಮ ಬಹಿಷ್ಕಾರವೂ ಅದೂ ಒಂದೇ ತಾನೇ?’

ಮಾನ್ಯರೇ,

ಮೊಮ್ಮಗ ಹೇಳಿದ್ದು ಸರಿ. ಚಾರ್ಲ್ಸ್ ಕನ್ನಿಂಗ್‌ಹ್ಯಾಮ್ ಬಾಯ್ಕಾಟ್ ಸೇನೆ ಬಿಟ್ಟು ಬಂದವನು, ಜನ ಅವನನ್ನು ಕ್ಯಾಪ್ಟನ್ ಎಂದೇ ಕರೆಯುತ್ತಿದ್ದರು. ಐರ್ಲೆಂಡಿನ ಮೇಯೊ ಸೀಮೆಯಲ್ಲಿ ಲಾರ್ಡ್ ಅರ್ನ್ ಎಂಬ ಜಮೀನ್ದಾರನ ಏಜೆಂಟ್. ಗೇಣಿ ವಸೂಲಿ ಅವನ ಕೆಲಸ. ಬೆಳೆ ಕೈಕೊಟ್ಟು ಕಂಗಾಲಾಗಿದ್ದ ಒಕ್ಕಲುಗಳು 1880ರಲ್ಲಿ ಗೇಣಿಯನ್ನು ಶೇ. 25ರಷ್ಟು ಇಳಿಸಿ ಎಂದರು. ಧಣಿ ಶೇ. 10ಕ್ಕಿಂತ ಮುಂದೆ ಬರಲಿಲ್ಲ. ಸೆಪ್ಟೆಂಬರಿನಲ್ಲಿ ಒಕ್ಕಲೆಬ್ಬಿಸುವ ನೋಟಿಸು ಹಿಡಿದು ಬಂದವನನ್ನು ಹೆಂಗಸರು ಕೆಸರು, ಸಗಣಿ ಎಸೆದು ಓಡಿಸಿದರು. ಬಾಯ್ಕಾಟನನ್ನು ಮಾತ್ರ ಯಾರೂ ಹೊಡೆಯಲಿಲ್ಲ. ಆಳುಗಳು ಹೊಲದಿಂದ ಎದ್ದು ಹೋದರು. ಕಮ್ಮಾರ ಅವನ ಕೆಲಸ ಮುಟ್ಟಲಿಲ್ಲ, ಬಟ್ಟೆ ಒಗೆಯುವವಳು ಬರಲಿಲ್ಲ, ಅಂಗಡಿಯವರು ಸಾಮಾನು ಕೊಡಲಿಲ್ಲ. (ಮನಸ್ಸಿಲ್ಲದ ಕೆಲವರ ಮೇಲೆ ಊರಿನ ಒತ್ತಡವಿತ್ತು ಎಂಬುದನ್ನೂ ಹೇಳಬೇಕು.) ನೆಲದಲ್ಲಿ ಉಳಿದ ಆಲೂಗಡ್ಡೆ ಕೀಳಲು 50 ಮಂದಿ ಹೊರಗಿನಿಂದ ಬಂದರು, ಅವರ ಕಾವಲಿಗೆ ದಂಡು, ಪೊಲೀಸು. ಸುಮಾರು 500 ಪೌಂಡಿನ ಬೆಳೆಗೆ 10,000 ಪೌಂಡ್ ಖರ್ಚಾಯಿತೆಂದು ಅಂದಾಜು. ನವೆಂಬರಿನ ಕೊನೆಯಲ್ಲಿ ಕ್ಯಾಪ್ಟನ್ ಊರು ಬಿಟ್ಟ.

‘ಆಸ್ಟ್ರಸೈಜ್’ (ಸಮಾಜದಿಂದ ಹೊರಗಿಡು) ಎಂಬ ಗ್ರೀಕ್ ಮೂಲದ ಮಾತು ರೈತರ ನಾಲಗೆಗೆ ಒಗ್ಗದು, ಇವನ ಹೆಸರನ್ನೇ ಇಡೋಣ ಎಂದವರು ಅಲ್ಲಿನ ಪಾದ್ರಿ ಜಾನ್ ಓಮ್ಯಾಲಿ ಎನ್ನುತ್ತಾರೆ. ವರ್ಷ ಮುಗಿಯುವುದರೊಳಗೆ ಅದು ಲಂಡನ್ ಪತ್ರಿಕೆಗಳಿಗೆ ಏರಿತು. ಫ್ರೆಂಚರೂ ಜರ್ಮನರೂ ಎತ್ತಿಕೊಂಡರು. 1905ರ ಆಗಸ್ಟ್ 7ರಂದು ಕಲ್ಕತ್ತದಲ್ಲಿ ವಿದೇಶಿ ವಸ್ತುಗಳ ವಿರುದ್ಧ ನಿರ್ಣಯವಾದಾಗ ಅದು ನಮ್ಮ ದೇಶದ ಮಾತೂ ಆಯಿತು.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಎರಡೂ ಒಂದೇ ಎಂದು ನಾನು ಒಪ್ಪಲಾರೆ. ಬಹಿಷ್ಕಾರ ಬಾಯ್ಕಾಟನಿಗಿಂತ ಬಹಳ ಹಳೆಯದು. ಜಾತಿಯ ಹಿರಿಯರು, ಊರಿನ ಪ್ರಮುಖರು ಸೇರಿ ವಿಧವೆಯನ್ನು ಮದುವೆಯಾದವನನ್ನೋ ಕಡಲು ದಾಟಿದವನನ್ನೋ ಹೊರಗೆ ಹಾಕುತ್ತಿದ್ದರು. ಅಲ್ಲಿ ಬಲವಿದ್ದವರು ಬಲವಿಲ್ಲದವರ ಬಾಗಿಲು ಮುಚ್ಚಿಸುತ್ತಾರೆ. ಮೇಯೊದಲ್ಲಿ ಆದದ್ದು ಇದರ ತದ್ವಿರುದ್ಧ. ಸ್ವದೇಶಿ ಕಾಲದಲ್ಲಿ ಹೊಸ ಅರ್ಥಕ್ಕೂ ಹಳೆಯ ಪದವೇ ಒದಗಿತು. ಗೊಂದಲ ಅಲ್ಲಿಂದ ಬಂತು.

ನಿಮ್ಮ ತಾಲ್ಲೂಕಿನ ಮಾವಿನಗುಂಡಿಯನ್ನೇ ನೋಡಿ. 1932ರ ಕರನಿರಾಕರಣೆಯಲ್ಲಿ ಅಂಕೋಲ, ಸಿದ್ದಾಪುರದ ರೈತರ ಆಸ್ತಿಯನ್ನು ಸರ್ಕಾರ ಜಪ್ತಿ ಮಾಡಿ ಹರಾಜಿಗಿಟ್ಟಿತು.  ಅದನ್ನು ಕೊಂಡವರ ಮನೆಗಳ ಮುಂದೆ ಹೆಂಗಸರು ಉಪವಾಸ ಕುಳಿತರು. ಯಾರಿಗೂ ನೀರು ತಪ್ಪಿಸಲಿಲ್ಲ, ತಾವೇ ಅನ್ನ ಬಿಟ್ಟರು. ಮೇಯೊದ ಒಕ್ಕಲುಗಳ ನಿಜವಾದ ನೆಂಟರು ಇವರು ಎಂಬುದು ನನ್ನ ದೃಢವಾದ ನಂಬಿಕೆ. ಮಳೆಗಾಲದಲ್ಲಿ ಸೇತುವೆಯಿಲ್ಲದೆ ನಲುಗುವ ಊರಿನವರು ‘ಮತದಾನ ಬಹಿಷ್ಕಾರ’ ಎಂದು ಫಲಕ ಕಟ್ಟಿದರೆ ಅದೂ ಈ ಸಾಲಿಗೇ ಸೇರುತ್ತದೆ.

ಆದರೆ ಜಾತಿ ಮೀರಿ ಮದುವೆಯಾದ ಜೋಡಿಗೆ ಬಾವಿ, ಅಂಗಡಿ, ಕೂಲಿ ನಿಲ್ಲಿಸುವುದಕ್ಕೆ ಅದೇ ಗೌರವದ ಹೆಸರು ಸಲ್ಲದು. ಪರಿಶಿಷ್ಟರ ಮೇಲೆ ಹೇರುವ ಸಾಮಾಜಿಕ, ಆರ್ಥಿಕ ಬಹಿಷ್ಕಾರವನ್ನು ದೌರ್ಜನ್ಯ ತಡೆ ಕಾಯ್ದೆಯ 2015ರ ತಿದ್ದುಪಡಿ ಸ್ಪಷ್ಟವಾಗಿ ಅಪರಾಧವೆಂದಿದೆ. ಅಂಥ ಸುದ್ದಿಗೆ ಈ ಪತ್ರಿಕೆ ‘ಬಾಯ್ಕಾಟ್’ ಎಂದು ತಲೆಬರಹ ಕೊಡುವುದಿಲ್ಲ. ಬಾವಿಗೆ ತಡೆ ಹಾಕಿದವರು ಯಾರು, ನೀರು ತಪ್ಪಿದ್ದು ಯಾರಿಗೆ ಎಂದೇ ಬರೆಯುತ್ತೇವೆ.

– ಸಂಪಾದಕ