ಕುಂಡದ ಕಷ್ಟಸುಖ: ಡ್ರಸೀನಾದ ಎಲೆತುದಿ ಯಾಕೆ ಸುಡುತ್ತದೆ?

ಈ ಸಲದ ಕಾಗದಗಳಲ್ಲಿ ನಾಲ್ಕು ಡ್ರಸೀನಾದ ಬಗ್ಗೆಯೇ ಇದ್ದವು. ತುಮಕೂರಿನಲ್ಲಿ 26 ವರ್ಷ ನರ್ಸರಿ ನಡೆಸಿದಾಗ ನಾನು ಅತಿ ಹೆಚ್ಚು ಮಾರಿದ್ದು ಇದೇ ಗಿಡ, ದೂರು ಕೇಳಿದ್ದೂ ಇದರದ್ದೇ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ಇಟ್ಟಿದ್ದೇನೆ.

ಪ್ರ: ಹಾಲ್‌ನಲ್ಲಿಟ್ಟ ಹಸಿರು ಡ್ರಸೀನಾದ ಎಲೆಗಳೆಲ್ಲ ತುದಿಯಿಂದ ಕಂದಾಗುತ್ತಿವೆ. ನೀರು ಸಾಲದೇನೋ ಎಂದು ಜಾಸ್ತಿ ಹಾಕಿದೆ, ಸೂಪರ್ ಫಾಸ್ಫೇಟ್ ಕೊಟ್ಟೆ. ಇನ್ನೂ ಹೆಚ್ಚಾಯಿತು. ನೀರು ದಂಡವಾಗಬಾರದೆಂದು ಆರ್‌ಓ ಯಂತ್ರದಿಂದ ಹೊರಗೆ ಹೋಗುವ ನೀರನ್ನೇ ಗಿಡಗಳಿಗೆ ಹಾಕುತ್ತೇನೆ. (ಓದುಗರು, ಚಿಕ್ಕಬಳ್ಳಾಪುರ)

ಉ: ಕಾಗದದ ಕೊನೆಯ ಸಾಲು ಓದಿದಾಗ ಕಾರಣ ಸಿಕ್ಕಿತು. ನಿಮ್ಮ ಕಡೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇರುವುದು ನಿಮಗೆ ಗೊತ್ತೇ ಇದೆ. ಅದಕ್ಕೇ ತಾನೆ ಆರ್‌ಓ ಹಾಕಿಸಿಕೊಂಡಿದ್ದು? ಆ ಯಂತ್ರ ಫ್ಲೋರೈಡನ್ನು ನುಂಗಿಬಿಡುವುದಿಲ್ಲ. ನೀವು ಕುಡಿಯುವ ನೀರಿನಿಂದ ತೆಗೆದದ್ದನ್ನೆಲ್ಲ, ಉಪ್ಪಿನ ಸಮೇತ, ಹೊರಗಿನ ಪೈಪಿಗೆ ದೂಡುತ್ತದೆ. ನೀವು ಅದನ್ನು ಬಕೆಟ್ಟಿನಲ್ಲಿ ಹಿಡಿದು ಗಿಡಕ್ಕೆ ಕುಡಿಸುತ್ತಿದ್ದೀರಿ.

ದಾಸವಾಳವೋ ಕರಿಬೇವೋ ಆಗಿದ್ದರೆ ಸ್ವಲ್ಪ ದಿನ ತಡೆದುಕೊಳ್ಳುತ್ತಿತ್ತು. ಡ್ರಸೀನಾ ಈ ವಿಷಯದಲ್ಲಿ ಬಹಳ ನಾಜೂಕು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ತನಕ ನಮಗೆ ಚಿಂತೆಯಿಲ್ಲ ಎನ್ನುತ್ತಾರೆ. ಇದಕ್ಕೆ ಅದಕ್ಕಿಂತ ಕಡಿಮೆಯಿದ್ದರೂ ಎಲೆ ಸುಡುತ್ತದೆ. ಬೇರು ಎಳೆದುಕೊಂಡ ನೀರು ಎಲೆಯಿಂದ ಆವಿಯಾಗಿ ಹೋಗುತ್ತದೆ, ಫ್ಲೋರೈಡ್ ಹೋಗಲಾರದೆ ತುದಿಯಲ್ಲೂ ಅಂಚಿನಲ್ಲೂ ಕೂಡಿಕೊಳ್ಳುತ್ತದೆ. ಸುಟ್ಟ ಭಾಗಕ್ಕೂ ಹಸಿರಿಗೂ ನಡುವೆ ತೆಳ್ಳನೆ ಹಳದಿ ಗೆರೆ ಇದೆಯೇ ನೋಡಿ. ಮಣ್ಣಿನ ಮೇಲೆ, ಕುಂಡದ ಬಾಯಿಯಲ್ಲಿ ಬಿಳಿ ಹೊಪ್ಪಳೆ ಕಟ್ಟಿದ್ದರೆ ಉಪ್ಪಿನ ಕಾಟವೂ ಸೇರಿದೆ ಎಂದರ್ಥ. ಇನ್ನು ಸೂಪರ್ ಫಾಸ್ಫೇಟ್: ಆ ಗೊಬ್ಬರದಲ್ಲೂ ಫ್ಲೋರೈಡ್ ಇರುತ್ತದೆ. ಉರಿಯುವ ಒಲೆಗೆ ಇನ್ನೊಂದು ಸೌದೆ ಇಟ್ಟಿರಿ, ಅಷ್ಟೆ.

ನೀರನ್ನು ರಾತ್ರಿಯಿಡೀ ತೆರೆದಿಟ್ಟರೆ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿಯಾರು. ಅದರಿಂದ ಹಾರಿಹೋಗುವುದು ಕ್ಲೋರಿನ್ ಮಾತ್ರ. ಕುದಿಸಿದರಂತೂ ನೀರು ಇಂಗಿ ಫ್ಲೋರೈಡ್ ಇನ್ನೂ ಗಟ್ಟಿಯಾಗುತ್ತದೆ.

ಹೀಗೆ ಮಾಡಿ. ತಾರಸಿ ಒಂದು ಮಳೆಗೆ ತೊಳೆದುಹೋಗಲಿ, ಆಮೇಲಿನ ಮಳೆನೀರನ್ನು 20 ಲೀಟರಿನ ಎರಡು ಕ್ಯಾನಿಗೆ ತುಂಬಿ ಮುಚ್ಚಿಡಿ. ಒಂದು ಗಿಡಕ್ಕೆ ಅದು ಬಹಳ ದಿನ ಬರುತ್ತದೆ. ಮಳೆಯಿಲ್ಲದಾಗ ನೀವು ಕುಡಿಯುವ ನೀರೇ ಒಂದು ಚೊಂಬು ಅದಕ್ಕೂ ಸಲ್ಲಲಿ. ಮೊದಲು ಕುಂಡವನ್ನು ಬಚ್ಚಲಿಗೆ ಒಯ್ದು, ಕುಂಡ ಎಷ್ಟು ಲೀಟರಿನದ್ದೋ ಅದರ ಎರಡರಷ್ಟು ಒಳ್ಳೆಯ ನೀರನ್ನು ನಿಧಾನವಾಗಿ ಹುಯ್ದು ಪೂರ್ತಿ ಬಸಿಯಲು ಬಿಡಿ. ಮೇಲ್ಮಣ್ಣಿಗೆ ಒಂದು ಚಮಚ ಕೃಷಿ ಸುಣ್ಣ ಬೆರೆಸಿದರೆ ಹುಳಿ ಇಳಿದು ಫ್ಲೋರೈಡ್ ಬೇರಿಗೆ ಸುಲಭವಾಗಿ ಸಿಗುವುದಿಲ್ಲ. ಎಲೆಅಡಿಕೆಯ ಸುಣ್ಣ ಹಾಕಬೇಡಿ, ಬೇರು ಸುಟ್ಟೀತು. ಕಂದಾದ ತುದಿ ಮತ್ತೆ ಹಸಿರಾಗದು. ಕತ್ತರಿಯಿಂದ ಎಲೆಯ ಆಕಾರಕ್ಕೇ ಓರೆಯಾಗಿ ಕತ್ತರಿಸಿ. ಗುಣವಾಯಿತೋ ಇಲ್ಲವೋ ಎಂದು ನಡುವಿನ ಹೊಸ ಸುಳಿ ನೋಡಿ ತಿಳಿಯಬೇಕು, ಅದಕ್ಕೆ ಎರಡು ತಿಂಗಳಾದರೂ ಕಾಯಿರಿ. ಆರ್‌ಓ ಹೊರನೀರು ನೆಲ ಒರೆಸಲಿಕ್ಕೆ, ಪಾಯಿಖಾನೆಗೆ ಒಳ್ಳೆಯದೇ. ದಂಡವಾಗುವುದೇನೂ ಇಲ್ಲ.

ಪ್ರ: ಒಂದೇ ಕುಂಡದಲ್ಲಿ ಮೂರು ಕಾಂಡವಿರುವ ಗಿಡ, ಎಲೆಯ ನಡುವೆ ಹಳದಿ ಪಟ್ಟೆ. ದೊಡ್ಡ ಕಾಂಡದ ಎಲೆಗಳೆಲ್ಲ ಹಳದಿಯಾಗಿ ಜೋತುಬಿದ್ದಿವೆ. ಸೋಮವಾರ, ಬುಧವಾರ, ಶುಕ್ರವಾರ ತಪ್ಪದೆ ನೀರು ಹಾಕುತ್ತೇವೆ. (ಓದುಗರು, ಬೆಂಗಳೂರು)

ಉ: ಗಿಡಕ್ಕೆ ವಾರದ ಲೆಕ್ಕ ತಿಳಿಯದು. ದೊಡ್ಡ ಕಾಂಡವನ್ನು ಹೆಬ್ಬೆರಳಿನಿಂದ ಒತ್ತಿ. ಮೆತ್ತಗಿದ್ದು, ತೊಗಟೆ ಸಡಿಲವಾಗಿ, ಹುಳಿತ ವಾಸನೆ ಬಂದರೆ ಬುಡ ಕೊಳೆತಿದೆ. ಅದರ ಆಸೆ ಬಿಡಿ. ಆದರೆ ಇಂಥ ಕುಂಡದಲ್ಲಿ ಮೂರು ಕಾಂಡವೆಂದರೆ ಸಾಮಾನ್ಯವಾಗಿ ಮೂರು ಬೇರೆ ಬೇರೆ ಗಿಡ, ಚೆಂದಕ್ಕೆಂದು ನರ್ಸರಿಯವರು ಒಟ್ಟಿಗೆ ನೆಟ್ಟಿರುತ್ತಾರೆ. ಉಳಿದೆರಡು ಗಟ್ಟಿಯಿದ್ದರೆ ಬದುಕುತ್ತವೆ. ಕೊಳೆತದ್ದನ್ನು ಕಿತ್ತು, ಕಪ್ಪಾದ ಬೇರು ಕತ್ತರಿಸಿ, ಕೆಮ್ಮಣ್ಣು, ದಪ್ಪ ಮರಳು, ತೆಂಗಿನ ನಾರಿನ ಪುಡಿ ಸಮಸಮ ಬೆರೆಸಿ ಹೊಸದಾಗಿ ನೆಡಿ.

ಗಿಡದ ಪ್ಲಾಸ್ಟಿಕ್ ಕುಂಡವನ್ನು ಪಿಂಗಾಣಿ ಕುಂಡದೊಳಗೆ ಇಳಿಸಿಟ್ಟಿದ್ದೀರಾ? ನೀವು ಬರೆದಿಲ್ಲ, ಆದರೂ ಎತ್ತಿ ನೋಡಿ. ತೂತಿಲ್ಲದ ಪಿಂಗಾಣಿಯ ತಳದಲ್ಲಿ ನಾಲ್ಕು ಬೆರಳು ಕೊಳೆನೀರು ನಿಂತದ್ದನ್ನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಇನ್ನು ಮೇಲೆ ಬೆರಳಿನ ಎರಡು ಗೆಣ್ಣು ಮಣ್ಣೊಳಗೆ ಇಳಿಸಿ, ಒಣಗಿದ್ದರೆ ಮಾತ್ರ ನೀರು. ಮಳೆಗಾಲದಲ್ಲಿ ಹದಿನೈದು ದಿನ ಬೇಡದೆಯೂ ಇರಬಹುದು. ಬೆಳಕು ಕಡಿಮೆಯಿರುವ ಮೂಲೆಯಲ್ಲಿ ಅದು ಕುಡಿಯುವುದೂ ಕಡಿಮೆ.

ಸತ್ತ ಕಾಂಡದ ಮೇಲ್ಭಾಗ ಇನ್ನೂ ಗಟ್ಟಿಯಿದ್ದರೆ ಗೇಣುದ್ದದ ತುಂಡು ಮಾಡಿ ಒದ್ದೆ ಮರಳಿನಲ್ಲಿ ನೆಡಿ. ಒಳಗಿನ ತಿರುಳು ಕಂದು ಬಣ್ಣವಿಲ್ಲದೆ ಬಿಳಿಯಾಗಿರಬೇಕು. ಒಂದೂವರೆ ತಿಂಗಳಲ್ಲಿ ಬೇರು ಬರುತ್ತದೆ. ಮೇಲಿನ ತುದಿಗೆ ಕುಂಕುಮದ ಬೊಟ್ಟಿಡಿ. ನಗಬೇಡಿ, ನರ್ಸರಿಯ ಮೊದಲ ವರ್ಷ ಹನ್ನೆರಡು ತುಂಡುಗಳನ್ನು ತಲೆಕೆಳಗಾಗಿ ನೆಟ್ಟು ಮೂರು ತಿಂಗಳು ನೀರು ಹಾಕಿದವಳು ನಾನು.

ಪ್ರ: ಎಂಟು ವರ್ಷದ ಗಿಡ ಇದ್ದಕ್ಕಿದ್ದಂತೆ ಉದ್ದನೆ ಗೊನೆ ಬಿಟ್ಟಿದೆ. ರಾತ್ರಿ ತಲೆನೋಯುವಷ್ಟು ವಾಸನೆ, ಕೆಳಗೆಲ್ಲ ಅಂಟು ಹನಿ. ಕೀಟನಾಶಕ ಹೊಡೆಯಲೇ? ಹೂ ಬಿಟ್ಟರೆ ಗಿಡ ಸಾಯುತ್ತದಂತೆ, ನಿಜವೇ? (ಓದುಗರು, ಮಡಿಕೇರಿ)

ಉ: ಸಾಯುವುದಿಲ್ಲ, ಅದು ಬಾಳೆಯಲ್ಲ. ಹೂ ಬಿಟ್ಟ ತಲೆ ಅಲ್ಲಿಗೇ ನಿಂತು ಪಕ್ಕದಿಂದ ಕವಲೊಡೆಯುತ್ತದೆ. ಅಂಟು ಹೂವಿನ ಮಕರಂದ. ಇದರ ಹೂ ಅರಳುವುದೂ ಘಮಿಸುವುದೂ ಕತ್ತಲಾದ ಮೇಲೆ. ವಾಸನೆ ತಡೆಯಲಾರದಿದ್ದರೆ ಗೊನೆಯನ್ನು ಬುಡದಲ್ಲಿ ಕತ್ತರಿಸಿ, ತಪ್ಪೇನಿಲ್ಲ. ಕೀಟನಾಶಕ ಸದ್ಯ ಬೇಡ.

ಆದರೆ ಹೂವಿಲ್ಲದ ಕಾಲದಲ್ಲೂ ಎಲೆ ಅಂಟಂಟಾಗಿ, ಇರುವೆ ಸಾಲು ಹತ್ತಿದರೆ ಎಲೆಯ ಕಂಕುಳಲ್ಲಿ ನೋಡಿ. ಹತ್ತಿಯಂಥ ಬಿಳಿ ಕಂಡರೆ ಹಿಟ್ಟು ತಿಗಣೆ. ಹತ್ತಿಗೆ ಸ್ಪಿರಿಟ್ ಅದ್ದಿ ಒರೆಸಿ, ಆಮೇಲೆ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಬೆರೆಯಲು ನಾಲ್ಕು ಹನಿ ಸೋಪು ಹಾಕಿ ಸಂಜೆ ಹೊತ್ತು ಸಿಂಪಡಿಸಿ. ವಾರಕ್ಕೊಮ್ಮೆಯಂತೆ ಮೂರು ಸಲ. ಒಂದೇ ಸಲಕ್ಕೆ ಬಿಟ್ಟರೆ ಮೊಟ್ಟೆಯೊಡೆದ ಮರಿಗಳು ಮತ್ತೆ ಹತ್ತುತ್ತವೆ.

ಪ್ರ: ಅಂಗಡಿ ಗಲ್ಲಾಪೆಟ್ಟಿಗೆಯ ಪಕ್ಕ ನೀರಿನಲ್ಲಿಟ್ಟ ಲಕ್ಕಿ ಬ್ಯಾಂಬೂ ಹಳದಿಯಾಗುತ್ತಿದೆ. ಅಪಶಕುನವೇ? (ಓದುಗರು, ಮಂಗಳೂರು)

ಉ: ಹೆಸರಿಗೆ ಬಿದಿರು, ಜಾತಿಯಲ್ಲಿ ಇದೂ ಡ್ರಸೀನಾ, ತವರು ಆಫ್ರಿಕಾ. ಎಲೆ ಮಾತ್ರ ಹಳದಿಯಾಗಿದ್ದರೆ ನೇರ ಬಿಸಿಲೋ ಕ್ಲೋರಿನ್ ನೀರೋ ಕಾರಣವಿರಬಹುದು; ಜಾಗ ಬದಲಿಸಿ, ನೀರು ಬದಲಿಸಿ. ಕಾಂಡವೇ ಹಳದಿಯಾಗಿದ್ದರೆ ಅದು ತಿರುಗಿ ಹಸಿರಾಗದು. ಇವತ್ತೇ ಆ ಕಡ್ಡಿ ಎತ್ತಿಬಿಡಿ, ಇಲ್ಲವಾದರೆ ಪಕ್ಕದವೂ ಕೊಳೆಯುತ್ತವೆ.

ಶಕುನಕ್ಕಿಂತ ನನಗೆ ನಿಮ್ಮ ಸೊಳ್ಳೆಯ ಚಿಂತೆ. 2001ರಲ್ಲಿ ಚೀನಾದಿಂದ ಲಾಸ್ ಏಂಜಲೀಸ್‌ಗೆ ಹೋದ ಲಕ್ಕಿ ಬ್ಯಾಂಬೂ ಪೆಟ್ಟಿಗೆಗಳ ನೀರಿನಲ್ಲಿ, ಡೆಂಗಿ ಹರಡಬಲ್ಲ ಏಷ್ಯಾದ ಹುಲಿಸೊಳ್ಳೆ ಸಿಕ್ಕಿತ್ತು. ವಾರಕ್ಕೊಮ್ಮೆ ನೀರು ಚೆಲ್ಲಿ, ಕಲ್ಲುಗಳನ್ನು ತೊಳೆದು, ಗಾಜಿನ ಒಳಮೈಯನ್ನು ಬ್ರಷ್ಷಿನಿಂದ ಉಜ್ಜಿ. ಸೊಳ್ಳೆ ಮೊಟ್ಟೆ ಗಾಜಿಗೆ ಅಂಟಿಕೊಂಡಿರುತ್ತದೆ, ಬರೀ ನೀರು ಬದಲಿಸಿದರೆ ಹೋಗುವುದಿಲ್ಲ. ತೊಳೆಯುವ ಪುರುಸೊತ್ತಿಲ್ಲದಿದ್ದರೆ ಕಡ್ಡಿಗಳನ್ನು ಮಣ್ಣಿನ ಕುಂಡದಲ್ಲಿ ನೆಡಿ. ಚೆನ್ನಾಗಿಯೇ ಬೆಳೆಯುತ್ತವೆ.