ಬೇರೆಯವರ ವಿಡಿಯೋ, ನಿಮ್ಮ ಪುಟ: ಓದುಗರು ಕೇಳಿದ್ದು

ಪ್ರಶ್ನೆ: ನನ್ನ ವೆಬ್ ಪುಟದಲ್ಲಿ ಹತ್ತು ವಿಡಿಯೋಗಳಿವೆ. ವಿಡಿಯೋ ತಾಣದವರು ಕೊಡುವ ಎಂಬೆಡ್ ಕೋಡ್ (ಅವರ ವಿಡಿಯೋವನ್ನು ನನ್ನ ಪುಟದಲ್ಲಿ ತೋರಿಸುವ ಸಾಲು) ಕಾಪಿ ಮಾಡಿ ಅಂಟಿಸಿದ್ದು ಅಷ್ಟೇ. ವಿಡಿಯೋ ಅವರ ಸರ್ವರಿನಿಂದಲೇ ಬರುತ್ತದಲ್ಲ, ನನಗೇನು ಅಪಾಯ? ಸ್ನೇಹಿತರೊಬ್ಬರು ಸುಮ್ನೆ ಹೆದರಿಸುತ್ತಿದ್ದಾರೆ.

ಉತ್ತರ: ಸುಮ್ನೆ ಏನಲ್ಲ. ಅವರ ಸರ್ವರಿನಿಂದ ಬರುತ್ತದೆ ಅನ್ನುವುದೇ ಇಲ್ಲಿ ತೊಂದರೆ. ಏನು ತೋರಿಸಬೇಕು ಅಂತ ತೀರ್ಮಾನಿಸುವವರು ಅವರು, ಹೆಸರು ಕೆಡುವುದು ನಿಮ್ಮದು. ವಿಡ್‌ಮೀ ಅಂತ ಒಂದು ವಿಡಿಯೋ ತಾಣವಿತ್ತು, 2017ರ ಡಿಸೆಂಬರಿನಲ್ಲಿ ಬಾಗಿಲು ಹಾಕಿತು. ಅದರ ಡೊಮೇನ್, ಅಂದರೆ ತಾಣದ ವಿಳಾಸ, ಆಮೇಲೆ ಒಂದು ಅಶ್ಲೀಲ ವಿಡಿಯೋ ಕಂಪನಿಯ ಕೈ ಸೇರಿತು. 2021ರ ಜುಲೈನಲ್ಲಿ ನೋಡಿದರೆ ವಾಷಿಂಗ್ಟನ್ ಪೋಸ್ಟ್, ಹಫ್‌ಪೋಸ್ಟ್‌ನಂಥ ದೊಡ್ಡ ಪತ್ರಿಕೆಗಳ ಹಳೆಯ ಸುದ್ದಿ ಪುಟಗಳಲ್ಲಿ, ವಿಡ್‌ಮೀ ವಿಡಿಯೋ ಇದ್ದ ಜಾಗದಲ್ಲೆಲ್ಲ, ಅದೇ ಸರಕು! ಯಾರೂ ಹ್ಯಾಕ್ ಮಾಡಿರಲಿಲ್ಲ. ಪುಟದ ಕೋಡ್ ಒಂದಕ್ಷರವೂ ಬದಲಾಗಿರಲಿಲ್ಲ. ಆ ಕಡೆ ಇದ್ದವರು ಬದಲಾಗಿದ್ದರು, ಅಷ್ಟೇ. ಹಾಗಾಗಿ ಹಳೆಯ ಪುಟಗಳನ್ನು ಆಗಾಗ ತೆರೆದು ನೋಡಿ.

ಇನ್ನೊಂದು, ನೀವು ಅಂಟಿಸಿದ್ದು ಐಫ್ರೇಮೋ (ಪುಟದೊಳಗೆ ಇನ್ನೊಂದು ಪುಟ ತೋರಿಸುವ ಚೌಕಟ್ಟು) ಸ್ಕ್ರಿಪ್ಟೋ (ಪುಟದಲ್ಲಿ ಓಡುವ ಪ್ರೋಗ್ರಾಂ) ನೋಡಿಕೊಳ್ಳಿ. ಎರಡಕ್ಕೂ ಭಾರೀ ವ್ಯತ್ಯಾಸ ಇದೆ. ಐಫ್ರೇಮ್ ಒಳಗೆ ಬಂದದ್ದು ತನ್ನ ಚೌಕಟ್ಟಿನಲ್ಲೇ ಇರುತ್ತದೆ, ಬೇರೆ ಡೊಮೇನಿನದ್ದಾದರೆ ನಿಮ್ಮ ಪುಟದ ಉಳಿದ ಭಾಗ ಓದಲು ಬ್ರೌಸರ್ ಬಿಡುವುದಿಲ್ಲ. ಸ್ಕ್ರಿಪ್ಟ್ ಹಾಗಲ್ಲ. ಅದು ನಿಮ್ಮದೇ ಕೋಡ್ ಇದ್ದ ಹಾಗೆ ಓಡುತ್ತದೆ, ಅದೇ ಪುಟದಲ್ಲಿ ಲಾಗಿನ್ ಫಾರ್ಮ್ ಇದ್ದರೆ ಅಲ್ಲಿ ಟೈಪ್ ಮಾಡಿದ ಪಾಸ್‌ವರ್ಡನ್ನೂ ಓದಬಹುದು. ಐಫ್ರೇಮ್ ಸಿಗುವಾಗ ಸ್ಕ್ರಿಪ್ಟ್ ಯಾಕೆ? ಪುಟದೊಳಗೆ ಏನು ಎಲ್ಲಿಂದ ಬರಬಹುದು ಅಂತ ನೀವು ಬ್ರೌಸರಿಗೆ ಹೇಳುವ ನಿಯಮಪಟ್ಟಿಗೆ ಸಿಎಸ್‌ಪಿ ಅನ್ನುತ್ತಾರೆ. ಅದರಲ್ಲಿ ಫ್ರೇಮ್-ಎಸ್‌ಆರ್‌ಸಿ ಅಂತ ಒಂದು ಸಾಲಿದೆ, ಯಾವ ಯಾವ ಡೊಮೇನಿನ ಚೌಕಟ್ಟು ಬರಬಹುದು ಅಂತ ಅದರಲ್ಲಿ ಬರೆದುಬಿಡಿ. ಉಳಿದವನ್ನು ಬ್ರೌಸರೇ ಹೊರಗೆ ನಿಲ್ಲಿಸುತ್ತದೆ.

ಪ್ರಶ್ನೆ: ಪ್ಲೇ ಒತ್ತದಿದ್ದರೆ ವಿಡಿಯೋ ಕಂಪನಿಗೆ ಏನೂ ಗೊತ್ತಾಗುವುದಿಲ್ಲ ಅಲ್ವಾ?

ಉತ್ತರ: ಗೊತ್ತಾಗುತ್ತದೆ. ನೀವೇ ನೋಡಿ: ಪುಟ ತೆರೆದು ಎಫ್12 ಒತ್ತಿ, ನೆಟ್‌ವರ್ಕ್ ಅನ್ನುವ ಟ್ಯಾಬಿಗೆ ಹೋಗಿ, ರಿಲೋಡ್ ಮಾಡಿ. ಪ್ಲೇ ಮುಟ್ಟಬೇಡಿ. ಆದರೂ ಆ ಕಂಪನಿಯ ಹೆಸರಿರುವ ಸಾಲುಗಳು ಒಂದರ ಕೆಳಗೊಂದು ಸುರಿಯುತ್ತವೆ. ನಾನು ಮೊದಲ ಸಲ ಹೀಗೆ ನೋಡಿದಾಗ ನನ್ನ ಬರಹಕ್ಕಿಂತ ಆ ಪ್ಲೇಯರಿನ ಕೋಡೇ ಎಷ್ಟೋ ಪಟ್ಟು ಜಾಸ್ತಿ ಇತ್ತು, ನಾಚಿಕೆಯಾಯಿತು. ಪ್ರತಿ ಸಾಲೂ ಒಂದು ಕೋರಿಕೆ, ಅದರ ಜೊತೆಗೆ ಓದುಗರ ಐಪಿ ವಿಳಾಸ ಹೋಗುತ್ತದೆ, ಅವರು ಯಾವ ತಾಣದಿಂದ ಬಂದರು ಅನ್ನುವುದೂ ಸಾಮಾನ್ಯವಾಗಿ ಹೋಗುತ್ತದೆ.

ಯೂಟ್ಯೂಬ್ ಆದರೆ ವಿಳಾಸದಲ್ಲಿ ಯೂಟ್ಯೂಬ್-ನೋಕುಕೀ ಡಾಟ್ ಕಾಮ್ ಅಂತ ಬದಲಿಸಿ (ಕುಕೀ ಅಂದರೆ ತಾಣಗಳು ಬ್ರೌಸರಿನಲ್ಲಿ ಇಟ್ಟುಹೋಗುವ ಗುರುತಿನ ಚೀಟಿ). ವಿಮಿಯೋ ಅನ್ನುವ ಇನ್ನೊಂದು ವಿಡಿಯೋ ತಾಣವಾದರೆ ವಿಳಾಸದ ಕೊನೆಗೆ ಡಿಎನ್‌ಟಿ=1 (ಹಿಂಬಾಲಿಸಬೇಡಿ ಅನ್ನುವ ಸೂಚನೆ) ಸೇರಿಸಬಹುದು. ಇವು ವಾಸಿ, ಆದರೆ ಪೂರ್ತಿ ಪರಿಹಾರ ಅಲ್ಲ, ಕೋರಿಕೆ ಹೋಗುವುದಂತೂ ಹೋಗುತ್ತದೆ, ಹೆಸರಿನಲ್ಲಿ 'ನೋಕುಕೀ' ಇದೆ ಅಂತ ಮೋಸಹೋಗಬೇಡಿ. ನನಗೆ ಒಗ್ಗಿದ ದಾರಿ ಬೇರೆ. ವಿಡಿಯೋ ಜಾಗದಲ್ಲಿ ನಿಮ್ಮದೇ ಸರ್ವರಿನಲ್ಲಿರುವ ಒಂದು ಚಿತ್ರ, ಮೇಲೊಂದು ಪ್ಲೇ ಬಟನ್, ಕೆಳಗೆ 'ಒತ್ತಿದರೆ ಯೂಟ್ಯೂಬಿನಿಂದ ವಿಡಿಯೋ ಬರುತ್ತದೆ' ಅಂತ ಒಂದು ಸಾಲು. ಒತ್ತಿದ ಮೇಲೆ ಮಾತ್ರ ಐಫ್ರೇಮ್ ಸೇರಿಸಿ. ನಿಮ್ಮ ಹತ್ತು ವಿಡಿಯೋಗಳ ಪುಟವೂ ಹಗುರವಾಗುತ್ತದೆ. ಇಷ್ಟು ಮಾಡಲು ಪುರುಸೊತ್ತಿಲ್ಲ ಅಂದರೆ ಕನಿಷ್ಠ ಐಫ್ರೇಮಿಗೆ ಲೋಡಿಂಗ್=ಲೇಜಿ ಆದರೂ ಹಾಕಿ, ಓದುಗರು ಆ ವಿಡಿಯೋದ ಹತ್ತಿರ ಬರುವವರೆಗೆ ಅದು ಲೋಡ್ ಆಗುವುದಿಲ್ಲ.

ಇದು ಬರೀ ಮರ್ಯಾದೆಯ ಮಾತೂ ಅಲ್ಲ. ಫ್ಯಾಷನ್ ಐಡಿ ಅನ್ನುವ ಅಂಗಡಿಯೊಂದು ತನ್ನ ತಾಣದಲ್ಲಿ ಫೇಸ್‌ಬುಕ್ಕಿನ ಲೈಕ್ ಬಟನ್ ಹಾಕಿತ್ತು. ಆ ಬಟನ್ ಮೂಲಕ ಓದುಗರ ಮಾಹಿತಿ ಫೇಸ್‌ಬುಕ್ಕಿಗೆ ಹೋಗುವುದಕ್ಕೆ ಅಂಗಡಿಯೂ ಜಂಟಿಯಾಗಿ ಹೊಣೆ ಅಂತ ಯುರೋಪಿಯನ್ ಯೂನಿಯನ್ನಿನ ನ್ಯಾಯಾಲಯ 2019ರಲ್ಲಿ ಹೇಳಿತು. ಬಟನ್‌ಗೆ ಹೇಳಿದ್ದು ವಿಡಿಯೋಗೆ ಒಪ್ಪುವುದಿಲ್ಲ ಅಂತ ವಾದಿಸುವುದು ಕಷ್ಟ.

ಪ್ರಶ್ನೆ: ವಿಡಿಯೋ ಆಮೇಲೆ ಡಿಲೀಟ್ ಆದರೆ ಅಂತ ಡೌನ್‌ಲೋಡ್ ಮಾಡಿ ನನ್ನ ಸರ್ವರಿನಲ್ಲೇ ಇಟ್ಟುಕೊಂಡರೆ?

ಉತ್ತರ: ವಿಡಿಯೋ ಮಾಡಿದವರ ಒಪ್ಪಿಗೆ ಇಲ್ಲದೆ ಬೇಡ. ಎಂಬೆಡ್ ಮಾಡಿದಾಗ ಹಿಡಿತ ಅವರ ಕೈಯಲ್ಲಿರುತ್ತದೆ: ಅಳಿಸಬಹುದು, ಎಂಬೆಡ್ ಆಗದಂತೆ ತಡೆಯಬಹುದು. ಕಾಪಿ ಇಟ್ಟುಕೊಂಡರೆ ಅದನ್ನು ಕಿತ್ತುಕೊಂಡ ಹಾಗೆ. ಎಂಬೆಡ್ ಮಾಡುವ ಮುಂಚೆಯೂ ಅದು ಮೂಲದವರ ಚಾನೆಲ್ಲೋ ಅಥವಾ ಯಾರೋ ಕದ್ದು ಹಾಕಿದ್ದೋ ನೋಡಿ. ವಿಡಿಯೋದಲ್ಲಿ ಏನಿದೆ ಅಂತ ಕೆಳಗೆ ನಾಲ್ಕು ಸಾಲು ಬರೆದಿಟ್ಟರೆ, ನಾಳೆ ಅದು ಹೋದರೂ ನಿಮ್ಮ ಬರಹ ಅರ್ಥವಾಗುತ್ತದೆ. ಐಫ್ರೇಮಿಗೆ ಟೈಟಲ್ ಕೊಡುವುದನ್ನೂ ಮರೆಯಬೇಡಿ. ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಓದಿ ಹೇಳುವುದು ಅದನ್ನೇ.

ಪ್ರಶ್ನೆ: ಆಟೋಪ್ಲೇ ಇಡಬಹುದಾ?

ಉತ್ತರ: ಬೇಡ. ಸದ್ದು ಮಾಡುವ ಆಟೋಪ್ಲೇಗೆ ಕ್ರೋಮ್ 2018ರಲ್ಲೇ ಕಡಿವಾಣ ಹಾಕಿತು. ನೀವು ಇಟ್ಟರೂ ಹೆಚ್ಚಿನ ಕಡೆ ಓಡುವುದಿಲ್ಲ, ಓಡಿದ ಕಡೆ ಓದುಗರು ಟ್ಯಾಬ್ ಮುಚ್ಚುತ್ತಾರೆ.