ಹಿಯರಿಂಗ್ ಏಡ್ ಹಾಕಿದರೂ ಮಗು ಮಾತಾಡುತ್ತಿಲ್ಲ, ಯಾಕೆ?

ಎರಡು ವರ್ಷದ ಮಗನಿಗೆ ಮಷಿನ್ ಹಾಕಿಸಿ ತಿಂಗಳಾಯಿತು, ಸದ್ದಾದರೆ ತಿರುಗುತ್ತಾನೆ, ಮಾತು ಮಾತ್ರ ಇಲ್ಲ ಎಂದು ಕಲಬುರಗಿಯಿಂದ ಬರೆದಿದ್ದೀರಿ. ಗಾಬರಿ ಬೇಡ ಅಕ್ಕ. ತಿರುಗುತ್ತಾನಲ್ಲ, ಅದೇ ಮೊದಲ ಮೆಟ್ಟಿಲು.

ಮಷಿನ್ ಸದ್ದನ್ನು ದೊಡ್ಡದು ಮಾಡಿ ಕಿವಿಗೆ ಕೊಡುತ್ತದೆ, ಅಷ್ಟೇ. ಆ ಸದ್ದು ‘ಅವ್ವ’ ಎಂದು ಗುರುತಿಸುವುದು ಮೆದುಳು. ಚೆನ್ನಾಗಿ ಕೇಳಿಸುವ ಮಕ್ಕಳೂ ಸುಮಾರು ಒಂದು ವರ್ಷ ಕೇಳಿದ ಮೇಲೇ ಮೊದಲ ಮಾತಾಡುತ್ತಾರೆ, ಅಲ್ವಾ? ನಿಮ್ಮ ಮಗನ ‘ಕೇಳುವ ವಯಸ್ಸು’ ಈಗ ಒಂದೇ ತಿಂಗಳು.

ಎಲ್ಲ ಅಕ್ಷರವೂ ಒಂದೇ ಥರ ಕೇಳಿಸುವುದಿಲ್ಲ. ಆ, ಓ ಜೋರಾಗಿವೆ, ಬೇಗ ಸಿಗುತ್ತವೆ. ಸ, ಶ ತೆಳು ಸದ್ದುಗಳು, ಮಷಿನ್ ಇದ್ದರೂ ಜಾರಿಹೋಗಬಹುದು. ಇನ್ನು ಬಂದ, ಬಂದಳು, ಬಂದರು ಬೇರೆಯಾಗುವುದೇ ಕೊನೆಯಲ್ಲಿ. ಆ ಕೊನೆಯನ್ನೇ ನಾವು ಅವಸರದಲ್ಲಿ ನುಂಗಿಬಿಡುತ್ತೇವೆ. ನಿಧಾನಕ್ಕೆ, ಪೂರ್ತಿ ಹೇಳಿ. ಕಿರುಚುವುದು ಬೇಡ.

ಮಷಿನ್ ನಮ್ಮೂರಿನ ಬೇಸಿಗೆಯ ಕೂಲರ್ ಸದ್ದನ್ನೂ ಹೆಚ್ಚಿಸುತ್ತದೆ. ಮಾತಾಡಿಸುವಾಗ ಸ್ವಲ್ಪ ಹೊತ್ತು ಕೂಲರ್, ಟಿವಿ ಬಂದ್ ಮಾಡಿ, ಹತ್ತಿರ ಕೂತುಕೊಳ್ಳಿ. ದೂರ ಎರಡು ಪಟ್ಟಾದರೆ ಮಾತಿನ ಸದ್ದು ಸುಮಾರು 6 ಡೆಸಿಬಲ್ (ಸದ್ದಿನ ಅಳತೆ) ಇಳಿಯುತ್ತದೆ.

ನಿದ್ದೆ, ಸ್ನಾನ ಬಿಟ್ಟು ಎಚ್ಚರವಿರುವಷ್ಟು ಹೊತ್ತೂ ಹಾಕಿ. ನೆಂಟರು ಬಂದರೆಂದು ದಯವಿಟ್ಟು ತೆಗೆದಿಡಬೇಡಿ. ಬೆವರಿಗೆ ಮಷಿನ್ ಕೆಡುತ್ತದೆ, ರಾತ್ರಿ ತೇವ ಹೀರುವ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಡಿ. ಕಿವಿ ಬೆಳೆದು, ಕಿವಿಯೊಳಗೆ ಕೂರುವ ಮಷಿನ್‌ನ ಅಚ್ಚು ಸಡಿಲಾದರೆ ಕುಂಯ್ ಅನ್ನುತ್ತದೆ, ಆಗ ಹೊಸ ಅಚ್ಚು ಮಾಡಿಸಿ. ಸ್ಪೀಚ್ ಥೆರಪಿ ಈಗಲೇ ಶುರು ಮಾಡಿ. ಕೆಲವು ತಿಂಗಳು ಹೀಗೆ ಹಾಕಿದ ಮೇಲೂ ಮಾತಿನ ಕಡೆ ಗಮನ ಬರದಿದ್ದರೆ, ಕಾಕ್ಲಿಯರ್ ಇಂಪ್ಲಾಂಟ್ (ಆಪರೇಷನ್ ಮಾಡಿ ಒಳಕಿವಿಯಲ್ಲಿ ಕೂರಿಸುವ ಸಾಧನ) ಬೇಕೇ ಎಂದು ಕೇಳುವಿಕೆ ಪರೀಕ್ಷಿಸುವ ಆಡಿಯಾಲಜಿಸ್ಟ್ ಹತ್ತಿರ ಕೇಳಿ.